ಪಂಚಾಂಗ ನೋಡಿ ಗೋವಾಕ್ಕೆ ಕಾರು ಓಡಿಸಿದ್ದು: ನನ್ನ ಅನುಭವ

ಅಮ್ಮನನ್ನು ಕೂರಿಸಿಕೊಂಡು ಕರಾವಳಿ ದಾರಿಯಲ್ಲೇ ಮುಂಬಯಿಯಿಂದ ಹಳೇ ಗೋವಾ ತಲುಪಿದೆ ಎಂದರೆ ಡೊಂಬಿವಲಿಯ ನಮ್ಮವರು ಈಗಲೂ ಫೋಟೋ ಕೇಳುತ್ತಾರೆ. "ಕೊಲ್ಲಾಪುರ, ನಿಪ್ಪಾಣಿ ಹಿಡಿದು ಸುಮ್ಮನೆ ಹೋಗು. ಆ ಜಂಗಲ್‌ಗಳ ಸಹವಾಸ ಯಾಕೆ ಮಾರಾಯ" ಎಂದವರೇ ಎಲ್ಲ. ಜಂಗಲ್ ಎಂದರೆ ಕಾಡಲ್ಲ, ಕಾರುಗಳನ್ನು ಹೊತ್ತು ನೀರು ದಾಟಿಸುವ ಫೆರಿ.

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹಿಂದೊಮ್ಮೆ ದಾಭೋಳ ಮುಟ್ಟುವಾಗ ಕಡೆಯ ಜಂಗಲ್ ಹೋಗಿಯಾಗಿತ್ತು. ಕತ್ತಲಲ್ಲಿ ಚಿಪಳೂಣ್ ಸುತ್ತಿ ಗುಹಾಗರಕ್ಕೆ ಬಂದದ್ದು, ಸಾವಿರ ರೂಪಾಯಿ ಪೆಟ್ರೋಲು ದಂಡ. ಇನ್ನೊಮ್ಮೆ ವೇಶ್ವಿಯಲ್ಲಿ ನೀರು ಪೂರಾ ಇಳಿದು, ಜೆಟ್ಟಿಯ ಇಳಿಜಾರು ಪಾಚಿಗಟ್ಟಿ, ಜಂಗಲ್‌ನ ಹಲಗೆಗೆ ಬಂಪರ್ ತಾಗಿ ಬಿರುಕು ಬಿಟ್ಟಿತು. ಗ್ಯಾರೇಜಿನವ ಆರೇಳು ಸಾವಿರ ಕಿತ್ತ. ಅಲಿಬಾಗಿನ ಕುಲಾಬಾ ಕೋಟೆಯಂತೂ ಹೋದಾಗಲೆಲ್ಲ ನೀರಿನ ನಡುವೆಯೇ ಕೂತಿರುತ್ತಿತ್ತು.

ಆಮೇಲೆ ಕಿಲೋಮೀಟರ್ ಲೆಕ್ಕ ಬಿಟ್ಟು ನೀರಿನ ಲೆಕ್ಕ ಹಿಡಿದೆ. ಮೀನುಗಾರರ ಹಳೇ ಸೂತ್ರ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ, ಹೆಚ್ಚುಕಡಿಮೆ ಅಷ್ಟು ಗಂಟೆಗೆ ಭರತ. ಅಷ್ಟಮಿಗೆ ಆರು, ತದಿಗೆಗೆ ಎರಡೂ ಕಾಲು. ಅಲ್ಲಿಂದ ಆರು ಗಂಟೆ ಚಿಲ್ಲರೆ ಆಚೀಚೆ ಇಳಿತ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಮೊಬೈಲಿನಲ್ಲೂ ನೋಡಬಹುದು, ಆದರೆ ಆ ಕಡೆ ನೆಟ್‌ವರ್ಕ್ ಇರಬೇಕಲ್ಲ.

ಹುಣ್ಣಿಮೆ ಕಳೆದ ಬಿದಿಗೆಗೆ ಹೊರಟೆ. ಮುಂಬಯಿಯ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ಕಾರು ಸಮೇತ ಹತ್ತುವ ರೋ-ರೋ ಹಡಗು, ಒಂದು ಗಂಟೆಯ ಹಾದಿ, ಕಾರಿಗೆ ಸಾವಿರ ಚಿಲ್ಲರೆ. ಪನ್ವೇಲ್ ಟ್ರಾಫಿಕ್ ನೆನೆದರೆ ಅದೇನೂ ದುಬಾರಿ ಅಲ್ಲ. ಮರುದಿನ ತದಿಗೆ. ಬೆಳಿಗ್ಗೆ ಎಂಟಕ್ಕೆ ಕುಲಾಬಾ ಕೋಟೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಹೋದೆವು. ಮಧ್ಯಾಹ್ನ ಭರತದ ಹೊತ್ತಿಗೆ ರಾಜಪುರಿಯಿಂದ ದೋಣಿಯಲ್ಲಿ ಜಂಜೀರಾ. ಶಿವಾಜಿ, ಸಂಭಾಜಿ ಇಬ್ಬರಿಗೂ ಸಿಗದ ಸಿದ್ದಿಗಳ ಕೋಟೆ ಅದು. ಗೋಡೆ ಸೀದಾ ನೀರಿಂದಲೇ ಎದ್ದಿದೆ, ಬಾಗಿಲು ತೀರಾ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಸಂಜೆ ಆಗರದಾಂಡಾ–ದಿಘಿ ಜಂಗಲ್.

ಚೌತಿಯ ಇಳಿತ ಒಂಬತ್ತರ ಸುಮಾರಿಗೆ. ಹರಿಹರೇಶ್ವರದ ಗುಡ್ಡದ ಸುತ್ತಿನ ಪ್ರದಕ್ಷಿಣೆ ಹಾದಿ ನೀರು ಇಳಿದಾಗ ಮಾತ್ರ ತೆರೆದಿರುತ್ತದೆ. ಬಂಡೆ ಸೀಳಿನ ಮೆಟ್ಟಿಲು ಇಳಿದು ಅಮ್ಮ ಪೂರ್ತಿ ಸುತ್ತಿ ಬಂದರು, ಮೊಣಕಾಲು ನೋವಿನ ಸುದ್ದಿಯೇ ಇಲ್ಲ. ಮಧ್ಯಾಹ್ನ ಬಾಗಮಾಂಡ್ಲಾ–ವೇಶ್ವಿ. ನೀರು ಏರಿದ್ದರಿಂದ ಹಲಗೆ ಸಪಾಟಾಗಿತ್ತು, ಅದೇ ಬಂಪರು ಕೂದಲೆಳೆಯಷ್ಟೂ ತಾಗಲಿಲ್ಲ! ಹೀಗೆ ಬೆಳಿಗ್ಗೆ ಇಳಿತದಲ್ಲಿ ತೀರ, ಮಧ್ಯಾಹ್ನದ ಮೇಲೆ ಭರತದಲ್ಲಿ ಜಂಗಲ್. ದಾಭೋಳ–ಧೋಪಾವೆ, ತವಸಾಳ–ಜಯಗಡ ಎಲ್ಲ ಇದೇ ಲೆಕ್ಕದಲ್ಲಿ ದಾಟಿದವು. ಜಯಗಡದಲ್ಲಿ ಸಾಲಿನಲ್ಲಿ ಕಾಯದೆ ಹತ್ತುವ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ನನಗೇ ಜಾಗ ಸಿಗದು.

ನಡುವೆ ಒಂದು ಪ್ರಯೋಗ. ಹರ್ಣೆ ಬಂದರಿನ ಸಂಜೆ ಹರಾಜಿನಲ್ಲಿ ಬಂಗುಡೆ ಕೊಂಡು, ನಾವು ಉಳಿದುಕೊಂಡಿದ್ದ ಮನೆಯ ಒಲೆಯಲ್ಲಿ ಅಮ್ಮನಿಂದ ಪುಳಿಮುಂಚಿ ಮಾಡಿಸಿದೆ. ಮನೆಯವರು ಹುಣಸೆಹುಳಿ ಯಾಕೆ, ಕೋಕಮ್ ಹಾಕಿ ಎಂದರು. ಅರ್ಧಕ್ಕೆ ಅದನ್ನೂ ಹಾಕಿ ನೋಡಿದೆವು. ಬಣ್ಣ ಚೆನ್ನ, ರುಚಿ ನಮ್ಮದೇ ಮೇಲು.

ರತ್ನಾಗಿರಿಯಲ್ಲಿ ಥಿಬಾ ಅರಮನೆ. 1885ರಲ್ಲಿ ಬ್ರಿಟಿಷರು ಗಡೀಪಾರು ಮಾಡಿದ ಬರ್ಮಾದ ದೊರೆ ಥಿಬಾ 1916ರಲ್ಲಿ ಸತ್ತದ್ದೂ ಅದೇ ಊರಲ್ಲಿ. ವಿಜಯದುರ್ಗ, ಮಾಲ್ವಣ ಓಡಿಸಿಕೊಂಡೇ ಆಯಿತು. ಸೂತ್ರ ಕೈಕೊಟ್ಟದ್ದು ತೇರೆಖೋಲ್‌ನಲ್ಲಿ ಮಾತ್ರ. ಫೆರಿ ನಿಂತಿತ್ತು, ಆರೋಂದಾ ಸೇತುವೆ ಹಿಡಿದು ಗೋವಾ ಹೊಕ್ಕೆವು.

ಹಳೇ ಗೋವಾಕ್ಕೆ ಹೋದವರು ಸೀದಾ ಪ್ರಸಿದ್ಧ ಇಗರ್ಜಿ ಬಾಂ ಜೀಸಸ್‌ಗೆ ನುಗ್ಗುತ್ತಾರೆ. ನಾನು ಮೊದಲು ನಿಂತದ್ದು ಸೆ ಕೆಥೆಡ್ರಲ್ ಹತ್ತಿರದ ಕರಿಕಲ್ಲಿನ ಬಾಗಿಲ ಮುಂದೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಊರು ಕಿತ್ತುಕೊಂಡದ್ದು ನಮ್ಮ ಬಿಜಾಪುರದ ಆದಿಲ್‌ಶಾಹಿಗಳಿಂದ, ಅವರ ಅರಮನೆಯಲ್ಲಿ ಉಳಿದಿರುವುದು ಇಷ್ಟೇ ಬಾಗಿಲು. ಕೆಥೆಡ್ರಲ್‌ಗೆ ಒಂದೇ ಗೋಪುರ, ಇನ್ನೊಂದು 1776ರಲ್ಲಿ ಬಿತ್ತು. ರೋಗರುಜಿನಕ್ಕೆ ಹೆದರಿ ಜನ ಖಾಲಿಯಾಗಿ, 1843ರಲ್ಲಿ ರಾಜಧಾನಿಯ ಪಟ್ಟವೂ ಪಣಜಿಗೆ ಹೋಯಿತು. ಅಮ್ಮನಿಗೆ ಇದ್ಯಾವುದೂ ಬೇಡ. 1605ರ ಬಾಂ ಜೀಸಸ್‌ನ ಗಾರೆಯಿಲ್ಲದ ಗೋಡೆ ಮುಟ್ಟಿ, "ಮುರಕಲ್ಲು! ಮಳೆ ಬಿದ್ದರೆ ನಮ್ಮ ಕೊಟ್ಟಿಗೆ ಗೋಡೆಯ ಕತೆಯೇ ಇದಕ್ಕೂ" ಎಂದರು. ಸರಿಯಾದ ಮಾತೇ, ಗಾರೆ ಕಿತ್ತ ಮೇಲೆ ಮಳೆನೀರಿಗೆ ಆ ಕಲ್ಲು ಸವೆಯುತ್ತಿದೆ.

ವಾಪಸು ಚೋರ್ಲಾ ಘಾಟಿ ಹತ್ತಿ ಬೆಳಗಾವಿ, ಕೊಲ್ಲಾಪುರ, ಒಂದೇ ದಿನದಲ್ಲಿ ಮನೆ. ಹೋಗುವಾಗ 700 ಕಿಲೋಮೀಟರಿನ ಆಸುಪಾಸು, ಜಂಗಲ್ ಒಂದಕ್ಕೆ 200-300 ರೂಪಾಯಿ. ರೋ-ರೋ ಬಿಟ್ಟು ಎಲ್ಲ ಜಂಗಲ್ ಸೇರಿಸಿ ಲೆಕ್ಕ ಹಾಕಿದರೆ ಬರುವಾಗ ಟೋಲಿಗೆ ತೆತ್ತದ್ದೂ ಹೆಚ್ಚುಕಡಿಮೆ ಅಷ್ಟೇ.