ನನ್ನ ಕಾರ್ಬೈನಿಗೆ ತಕ್ಕ ಬಫರ್ ತೂಕವನ್ನು ಕಂಡುಕೊಂಡ ಬಗೆ

ಗುಂಡು ಹಾರಿಸುವುದನ್ನು ನಿಲ್ಲಿಸಿ ಎಲ್ಲರೂ ಗುರಿಹಲಗೆಗಳತ್ತ ನಡೆದುಹೋಗುವ ಹೊತ್ತಿನಲ್ಲಿ, ಬಲಗಡೆಯ ಮೇಜಿನ ಹಿರಿಯರೊಬ್ಬರು ತಮ್ಮ ಮುಂದೆ ಬಿದ್ದಿದ್ದ ನನ್ನ ಖಾಲಿ ತೋಟಾಗಳನ್ನು ಬೊಗಸೆಯಲ್ಲಿ ಆಯ್ದು ತಂದುಕೊಟ್ಟರು. ಅವು ನನ್ನ ಬಲಪಕ್ಕಕ್ಕೆ ಬೀಳಬೇಕಾಗಿದ್ದವು. ಬಿದ್ದದ್ದು ಮಾತ್ರ ನನಗಿಂತ ಐದಾರು ಹೆಜ್ಜೆ ಮುಂದೆ. ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಬಾಯಿ ಒಂದು ಕಡೆ ಚಪ್ಪಟೆಯಾಗಿತ್ತು, ಬುಡದ ಅಂಚನ್ನು ತೋಟಾ ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್ ಹಿಡಿದೆಳೆದ ಜಾಗದಲ್ಲಿ ಹಿತ್ತಾಳೆ ಉಗುರಿನಿಂದ ಕೆರೆದಂತೆ ಎದ್ದುಬಂದಿತ್ತು. ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟು ಬೇಕಾದುದಕ್ಕಿಂತ ಬೇಗ, ಬೇಕಾದುದಕ್ಕಿಂತ ಜೋರಾಗಿ ಹಿಂದಕ್ಕೆ ಬರುತ್ತಿದೆ ಎಂಬುದಕ್ಕೆ ಇವೆರಡೂ ಗುರುತುಗಳು.

ಕೋವಿ ನನಗೆ ಹೊಸದೇನಲ್ಲ. ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಮುಹೂರ್ತದ ದಿನ ಹೂ ಮುಡಿಸಿಕೊಳ್ಳುತ್ತಿದ್ದ ಒಂಟಿನಳಿಗೆ ಕೋವಿಯಿಂದಲೇ ನಾನು ಕಲಿತದ್ದು, ಮತ್ತು 'ಖಾಲಿ ಇದೆ ಎಂದು ಯಾರು ಹೇಳಿದರೂ ನೀನೇ ಮಡಚಿ ನೋಡು ಮಗಾ' ಎಂದು ಅಜ್ಜ ಕಲಿಸಿದ ಅಭ್ಯಾಸ ಈಗಲೂ ಕೈಬಿಟ್ಟಿಲ್ಲ. ಆದರೆ ಮಡಚುವ ಕೋವಿಗೆ ಬೋಲ್ಟಿನ ಓಟಕ್ಕೆ ಭಾರ ಕೊಡುವ ಬಫರ್ ಇಲ್ಲ, ಸ್ಪ್ರಿಂಗಿನ ಲೆಕ್ಕಾಚಾರವೂ ಇಲ್ಲ. ಟೆಕ್ಸಾಸಿನಲ್ಲಿ ನೆಲೆಸಿದ ಮೇಲೆ, ಇಲ್ಲಿನ ಕಾನೂನಿನಂತೆ ಕೊಂಡ ಎಆರ್-15 ಮಾದರಿಯ ಕಾರ್ಬೈನು, ಎಂದರೆ ಗಿಡ್ಡ ನಳಿಗೆಯ, ತಾನೇ ಮರುತುಂಬಿಕೊಳ್ಳುವ ರೈಫಲು, ನನ್ನ ಪಾಲಿಗೆ ಬೇರೆಯೇ ಒಂದು ಯಂತ್ರವಾಗಿತ್ತು. ಅದು 16 ಇಂಚಿನ ನಳಿಗೆಯ, ಕಾರ್ಬೈನ್ ಅಳತೆಯ ಗ್ಯಾಸ್ ವ್ಯವಸ್ಥೆಯ, ಹಿಂದೆ ಒಬ್ಬರು ಬಳಸಿ ಮಾರಿದ ರೈಫಲ್.

ಸಮಸ್ಯೆಯ ಬೇರು ಇರುವುದು ಆ ಅಳತೆಯಲ್ಲೇ. ಗುಂಡು ನಳಿಗೆಯಲ್ಲಿ ಸಾಗುವಾಗ ಅದರ ಹಿಂದಿನ ಅನಿಲ ಒಂದು ಸಣ್ಣ ರಂಧ್ರದ ಮೂಲಕ ಮೇಲೇರಿ, ತೆಳುವಾದ ಕೊಳವೆಯಲ್ಲಿ ಹಿಂದಕ್ಕೆ ಹರಿದು, ಬೋಲ್ಟನ್ನು ಹೊತ್ತಿರುವ ಬೋಲ್ಟ್ ಕ್ಯಾರಿಯರನ್ನು ತಳ್ಳುತ್ತದೆ. ಕ್ಯಾರಿಯರ್ ಹಿಂದೆ ಸರಿಯುತ್ತ ಬೋಲ್ಟನ್ನು ತಿರುಗಿಸಿ ಬೀಗ ತೆರೆಯುತ್ತದೆ. ಕಾರ್ಬೈನ್ ವ್ಯವಸ್ಥೆಯಲ್ಲಿ ಈ ರಂಧ್ರ ಬುಡದಿಂದ ಸುಮಾರು 7 ಇಂಚು ದೂರದಲ್ಲಿ, ಒತ್ತಡ ಇನ್ನೂ ಬಹಳವಿರುವ ಕಡೆ ಇರುತ್ತದೆ. ಅಮೆರಿಕದ ಸೈನ್ಯದ ಎಂ4 ಕಾರ್ಬೈನಿನ ನಳಿಗೆ 14.5 ಇಂಚು. ನನ್ನದು ಅದಕ್ಕಿಂತ ಒಂದೂವರೆ ಇಂಚು ಉದ್ದವಾದುದರಿಂದ, ಗುಂಡು ರಂಧ್ರವನ್ನು ದಾಟಿದ ಮೇಲೂ ಹೆಚ್ಚು ಹೊತ್ತು ನಳಿಗೆಯಲ್ಲೇ ಇದ್ದು, ಅಷ್ಟು ಹೊತ್ತೂ ಅನಿಲ ಹಿಂದಕ್ಕೆ ಹರಿಯುತ್ತಲೇ ಇರುತ್ತದೆ. ಬೀಗ ಬೇಗ ತೆರೆದುಕೊಂಡರೆ ಉಬ್ಬಿದ ತೋಟಾ ಇನ್ನೂ ಚೇಂಬರಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ, ಎಕ್ಸ್‌ಟ್ರಾಕ್ಟರ್ ಅದನ್ನು ಬಲವಂತವಾಗಿ ಕೀಳುತ್ತದೆ. ಬುಡದ ಅಂಚು ಎದ್ದುಬರುವುದು ಹೀಗೆ.

ಕ್ಯಾರಿಯರಿನ ಹಿಂದೆ ಸ್ಪ್ರಿಂಗಿನೊಳಗೆ ಕುಳಿತಿರುವ ಬಫರ್ ಈ ಓಟಕ್ಕೆ ಭಾರ ಕೊಡುವ ಭಾಗ. ಅಂಗೈಯಲ್ಲಿ ಹಿಡಿದು ಅಲುಗಾಡಿಸಿದರೆ ಒಳಗೆ ಟಕ್ ಟಕ್ ಎಂಬ ಸದ್ದು ಬರುತ್ತದೆ, ಏಕೆಂದರೆ ಅಲ್ಯೂಮಿನಿಯಂ ಕೊಳವೆಯೊಳಗೆ ಮೂರು ಲೋಹದ ತುಂಡುಗಳು ನಡುನಡುವೆ ರಬ್ಬರಿನ ಬಿಲ್ಲೆಗಳೊಂದಿಗೆ ಸ್ವಲ್ಪ ಸಡಿಲವಾಗಿ ಕುಳಿತಿರುತ್ತವೆ. ಈ ಸಡಿಲವೂ ಉದ್ದೇಶಪೂರ್ವಕವೇ. ಬೋಲ್ಟು ಮುಂದೆ ಬಂದು ಬಡಿದು ಪುಟಿಯಲು ಹೊರಟಾಗ ಒಳಗಿನ ತುಂಡುಗಳು ಕ್ಷಣಮಾತ್ರ ತಡವಾಗಿ ಬಂದು ಬಡಿದು ಆ ಪುಟಿತವನ್ನು ತಡೆಯುತ್ತವೆ. ಇದು ಸ್ವಯಂಚಾಲಿತ ಕೋವಿಯಲ್ಲಿ ಬಹಳ ಮುಖ್ಯ, ಒಂದೊಂದೇ ಈಡು ಹೊಡೆಯುವ ನನ್ನಂಥವರ ಕೋವಿಯಲ್ಲಿ ಅಷ್ಟಿಲ್ಲ. ಮೂರೂ ತುಂಡುಗಳು ಉಕ್ಕಿನವಾದರೆ ಅದು ಸಾಮಾನ್ಯ ಕಾರ್ಬೈನ್ ಬಫರ್, ತೂಕ ಸುಮಾರು 3 ಔನ್ಸ್. ಒಂದು ಉಕ್ಕಿನ ತುಂಡಿನ ಬದಲು ಅದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ಭಾರವಿರುವ ಟಂಗ್‌ಸ್ಟನ್ ಹಾಕಿದರೆ ಅದು ಎಚ್, ಸುಮಾರು 3.8 ಔನ್ಸ್, ಎರಡು ಹಾಕಿದರೆ ಎಚ್2, 4.6ರ ಆಸುಪಾಸು, ಮೂರೂ ಟಂಗ್‌ಸ್ಟನ್ನಾದರೆ ಎಚ್3, ಸುಮಾರು 5.4. ನನ್ನ ಬಫರಿನ ಮುಖದ ಮೇಲೆ ಯಾವ ಅಕ್ಷರವೂ ಇರಲಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲಿಟ್ಟಾಗ 85 ಗ್ರಾಂ ತೋರಿಸಿತು. ಎಂದರೆ 3 ಔನ್ಸ್. ಅಕ್ಷರವಿದ್ದರೂ ತೂಗಿ ನೋಡುವುದು ಒಳ್ಳೆಯದೆಂದು ಆಮೇಲೆ ಅರಿತೆ, ಏಕೆಂದರೆ ತಯಾರಕರಿಂದ ತಯಾರಕರಿಗೆ ತೂಕ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಇಲ್ಲಿಯೇ ನಾನು ಅವಸರಪಟ್ಟೆ. ಅನಿಲ ಹೆಚ್ಚಾಗಿದ್ದರೆ ಎಲ್ಲಕ್ಕಿಂತ ಭಾರವಾದುದನ್ನೇ ಹಾಕಿಬಿಡು ಎಂದು ಯಾರೋ ಹೇಳಿದ ಮಾತನ್ನು ನಂಬಿ ನೇರವಾಗಿ ಎಚ್3 ತರಿಸಿದೆ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ, ಬಿರುಸಾದ 5.56 ತೋಟಾಗಳೊಂದಿಗೆ ಅದು ಎಷ್ಟು ಮೃದುವಾಗಿ ನಡೆಯಿತೆಂದರೆ, ಭುಜಕ್ಕೆ ಬೀಳುವ ಒದೆತ ಅರ್ಧಕ್ಕಿಳಿದಂತೆ ಅನ್ನಿಸಿತು. ಜನವರಿಯ ಒಂದು ಬೆಳಗ್ಗೆ, ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ, ಅಗ್ಗದ, ಅಷ್ಟು ಬಿರುಸಲ್ಲದ, ಉಕ್ಕಿನ ಕವಚದ .223 ತೋಟಾಗಳನ್ನು ತುಂಬಿಕೊಂಡು ಹೋದೆ. ಎರಡನೆಯ ಮ್ಯಾಗಜೀನಿನಲ್ಲಿ ಕುದುರೆ ಒತ್ತಿದರೆ ಗುಂಡು ಹಾರಲೇ ಇಲ್ಲ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ನೋಡಿದಾಗ, ಬೋಲ್ಟು ಪೂರ್ತಿ ಮುಚ್ಚಿಕೊಳ್ಳದೆ ಒಂದು ಅಕ್ಕಿಕಾಳಿನಷ್ಟು ಹಿಂದೆಯೇ ನಿಂತಿತ್ತು. ಅದೇ ದಿನ ಇನ್ನೂ ಮೂರು ಬಾರಿ ಹಾಗಾಯಿತು.

ಮನೆಗೆ ಬಂದು ಸ್ಪ್ರಿಂಗನ್ನು ಹೊರತೆಗೆದು ಅಳೆದೆ. ಕಾರ್ಬೈನಿನ ಸ್ಪ್ರಿಂಗು ಬಿಡಿಯಾಗಿದ್ದಾಗ 10 ಇಂಚು ಹಾಗೂ ಇಂಚಿನ ಹದಿನಾರನೆಯ ಒಂದು ಭಾಗಕ್ಕಿಂತ ಗಿಡ್ಡವಾಗಿರಬಾರದು, ಹನ್ನೊಂದೂಕಾಲು ಇಂಚಿಗಿಂತ ಉದ್ದವಿರಬಾರದು. ನನ್ನದು ಒಂಬತ್ತೂಮುಕ್ಕಾಲು ಇಂಚಿತ್ತು. ಹಿಂದಿನವರ ಕೈಯಲ್ಲಿ ಅದೆಷ್ಟು ಸಾವಿರ ಈಡು ಕಂಡಿತ್ತೋ, ಸೋತುಹೋಗಿತ್ತು. ಸೋತ ಸ್ಪ್ರಿಂಗು ಭಾರವಾದ ಬಫರನ್ನು ಹಿಂದಕ್ಕೆ ಹೋಗಲು ಸುಲಭವಾಗಿ ಬಿಡುತ್ತದೆ, ಮುಂದಕ್ಕೆ ತಳ್ಳಲು ಮಾತ್ರ ಅದರಲ್ಲಿ ಶಕ್ತಿ ಸಾಲದು. ಅದರ ಮೇಲೆ ಚಳಿಗೆ ಮಂದವಾದ ಎಣ್ಣೆ ಮತ್ತು ಮಸಿ. ಬೇಸಿಗೆಯಲ್ಲಿ ನನಗೆ ಮೃದುವೆಂದು ಕಂಡದ್ದರಲ್ಲಿ ಈ ಸ್ಪ್ರಿಂಗಿನ ಸೋಲಿನ ಪಾಲೂ ಇತ್ತು. ಆದ್ದರಿಂದ ಬಫರ್ ಕೊಳ್ಳುವ ಮೊದಲು ಸ್ಪ್ರಿಂಗನ್ನು ಅಳೆಯಿರಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಸ್ಪ್ರಿಂಗು ಸರಿಯಿಲ್ಲದೆ ಮಾಡಿದ ಯಾವ ಪರೀಕ್ಷೆಯೂ ಬಫರಿನ ಬಗ್ಗೆ ನಿಜ ಹೇಳುವುದಿಲ್ಲ.

ಹೊಸ ಸ್ಪ್ರಿಂಗು ಹಾಕಿ, ನಾಲ್ಕೂ ತೂಕಗಳನ್ನು ಮುಂದಿಟ್ಟುಕೊಂಡು ಮೊದಲಿನಿಂದ ಶುರುಮಾಡಿದೆ. ಬಫರ್ ಬದಲಿಸುವುದು ಎರಡು ನಿಮಿಷದ ಕೆಲಸ. ಮ್ಯಾಗಜೀನ್ ತೆಗೆದು, ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಹಿಂದಿನ ಪಿನ್ನನ್ನು ತಳ್ಳಿ ಮೇಲ್ಭಾಗವನ್ನು ಎತ್ತಿ, ಬಫರಿನ ಅಂಚನ್ನು ತಡೆದಿರುವ ಪುಟ್ಟ ಗೂಟವನ್ನು ಒತ್ತಿದರೆ ಬಫರ್ ಹೊರಬರುತ್ತದೆ. ಅದು ಸ್ಪ್ರಿಂಗಿನ ಒತ್ತಡದಿಂದ ಚಿಮ್ಮುವುದರಿಂದ ಅಂಗೈ ಅಡ್ಡ ಹಿಡಿದಿರಬೇಕು, ಕನ್ನಡಕವನ್ನೂ ತೆಗೆಯಬಾರದು.

ಪರೀಕ್ಷೆಗೆ ಆರಿಸಿಕೊಂಡದ್ದು ನನ್ನ ಬಳಿಯಿದ್ದ ಅತಿ ದುರ್ಬಲ ತೋಟಾ, ಎಂದರೆ ಜನವರಿಯಲ್ಲಿ ಕೈಕೊಟ್ಟ ಅದೇ ಉಕ್ಕಿನ ಕವಚದ್ದು. ಬಿರುಸಾದ ತೋಟಾದಲ್ಲಿ ಯಾವ ಬಫರಾದರೂ ನಡೆದುಬಿಡುತ್ತದೆ, ಅದರಿಂದ ನಮಗೆ ತಿಳಿಯುವುದು ಕಡಿಮೆ. ಮ್ಯಾಗಜೀನಿನಲ್ಲಿ ಒಂದೇ ಒಂದು ತೋಟಾ ಹಾಕಿ ಹಾರಿಸಬೇಕು. ಬೋಲ್ಟು ಪೂರ್ತಿ ಹಿಂದೆ ಹೋದರೆ ಖಾಲಿ ಮ್ಯಾಗಜೀನು ಅದನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ, ಹೋಗದಿದ್ದರೆ ಬೋಲ್ಟು ಮುಂದಕ್ಕೆ ಬಂದು ಮುಚ್ಚಿಕೊಳ್ಳುತ್ತದೆ. ಪ್ರತಿ ತೂಕಕ್ಕೂ ಹೀಗೆ ಹತ್ತು ಸಲ. ಆಮೇಲೆ 30ರ ತುಂಬಿದ ಮ್ಯಾಗಜೀನು, ಏಕೆಂದರೆ ಕಿಕ್ಕಿರಿದು ತುಂಬಿದ ಮೇಲಿನ ತೋಟಾ ಕ್ಯಾರಿಯರಿನ ತಳಕ್ಕೆ ಹೆಚ್ಚು ಉಜ್ಜುತ್ತದೆ. ಮೊದಲ ಸುತ್ತು ಶುಚಿಯಾದ ಕೋವಿಯಲ್ಲಿ. ಎರಡನೆಯದು ಇನ್ನೂರು ಈಡು ಹೊಡೆದು ಒರೆಸದೆ ಬಿಟ್ಟ ಕೋವಿಯಲ್ಲಿ, ಚಳಿಯ ಬೆಳಗ್ಗೆ. ಬಲಗಡೆ ಹಳೆಯ ಹೊದಿಕೆಯೊಂದನ್ನು ಹಾಸಿ, ನಳಿಗೆಯ ದಿಕ್ಕನ್ನು ಗಡಿಯಾರದ 12 ಎಂದಿಟ್ಟುಕೊಂಡು ಖಾಲಿ ತೋಟಾಗಳು ಎಷ್ಟು ಗಂಟೆಯ ಕಡೆ ಬೀಳುತ್ತವೆಂದು ಬರೆದುಕೊಂಡೆ.

ಸಾಮಾನ್ಯ ಬಫರ್ ಹೊಸ ಸ್ಪ್ರಿಂಗಿನೊಂದಿಗೂ ತೋಟಾಗಳನ್ನು 2 ಗಂಟೆಯ ಕಡೆಗೆ ಎಸೆಯಿತು, ಹತ್ತಕ್ಕೆ ಹತ್ತು ಸಲ ಬೋಲ್ಟು ನಿಂತಿತು, ಜೊತೆಗೆ ಹಾರಿಸಿದ ಹಿತ್ತಾಳೆ ತೋಟಾಗಳ ಬುಡದ ಗಾಯ ಮಾತ್ರ ಉಳಿಯಿತು. ಎಚ್ ಹಾಕಿದಾಗ 3 ಗಂಟೆಗೆ ಸರಿದವು, ಗಾಯ ಬಹುಮಟ್ಟಿಗೆ ಮಾಯವಾಯಿತು, ಚಳಿಯಲ್ಲೂ ಮಸಿಯಲ್ಲೂ ಹತ್ತಕ್ಕೆ ಹತ್ತು. ಎಚ್2 ಇನ್ನೂ ಹಿತವಾಗಿತ್ತು, 4 ಗಂಟೆಯ ಕಡೆ ಸಣ್ಣ ಗುಡ್ಡೆಯಾಗಿ ಬೀಳುತ್ತಿದ್ದವು; ಶುಚಿಯಾಗಿದ್ದಾಗ ಹತ್ತಕ್ಕೆ ಹತ್ತು, ಚಳಿಯ ಬೆಳಗ್ಗೆ ಮಸಿ ಹಿಡಿದ ಕೋವಿಯಲ್ಲಿ ಒಂಬತ್ತು. ಎಚ್3ರಲ್ಲಿ ಈಗ ಬೋಲ್ಟು ಚೆನ್ನಾಗಿ ಮುಚ್ಚುತ್ತಿತ್ತು, ಆದರೆ ಪೂರ್ತಿ ಹಿಂದೆ ಹೋಗುವ ಶಕ್ತಿ ಆ ದುರ್ಬಲ ತೋಟಾದಲ್ಲಿ ಇರಲಿಲ್ಲ: ಹತ್ತರಲ್ಲಿ ಆರು ಸಲ ಮಾತ್ರ ನಿಂತಿತು, ಒಮ್ಮೆ ಖಾಲಿ ತೋಟಾ ಹೊರಹೋಗದೆ ಕಿಂಡಿಯಲ್ಲಿ ಒಲೆಯ ಹೊಗೆಗೊಳವೆಯಂತೆ ನೆಟ್ಟಗೆ ಸಿಕ್ಕಿಕೊಂಡಿತು.

ನಾನು ಎಚ್ ಇಟ್ಟುಕೊಂಡೆ. ಭುಜಕ್ಕೆ ಎಚ್2 ಹೆಚ್ಚು ಸುಖ ಎಂಬುದು ನಿಜ, ಬಿರುಸಾದ ತೋಟಾಗಳನ್ನೇ ಬಳಸುವವರು ಅದನ್ನೇ ಆರಿಸಿಕೊಳ್ಳಬಹುದು. ಆದರೆ ನನಗೆ ಬೇಕಾದ ಎಲ್ಲ ತೋಟಾಗಳನ್ನೂ ಎಲ್ಲ ಹವೆಯಲ್ಲೂ ನಡೆಸುವ ತೂಕಗಳ ಪೈಕಿ ಅತ್ಯಂತ ಭಾರವಾದುದು ಯಾವುದು ಎಂಬುದೇ ನನ್ನ ಪ್ರಶ್ನೆಯಾಗಿತ್ತು, ಎಚ್2ರ ಆ ಒಂಬತ್ತು ಉತ್ತರ ಕೊಟ್ಟಿತು. ಖಾಲಿ ತೋಟಾ ಬೀಳುವ ದಿಕ್ಕನ್ನು ಮಾತ್ರ ನೋಡಿದ್ದರೆ ತಪ್ಪಾಗುತ್ತಿತ್ತು. ಖಾಲಿ ತೋಟಾವನ್ನು ಹೊರಗೆಸೆಯುವ ಎಜೆಕ್ಟರಿನ ಸ್ಪ್ರಿಂಗು ಬಿಗಿಯಾಗಿದ್ದರೂ ಸಡಿಲವಾಗಿದ್ದರೂ ಆ ದಿಕ್ಕು ಬದಲಾಗುತ್ತದೆ.

ನನ್ನ ಲೆಕ್ಕ ನನ್ನ ರೈಫಲಿಗೆ ಮಾತ್ರ. ರಂಧ್ರ ಸುಮಾರು 9 ಇಂಚು ದೂರವಿರುವ ಮಿಡ್-ಲೆಂಗ್ತ್ ವ್ಯವಸ್ಥೆಯಲ್ಲಿ ಒತ್ತಡವೇ ಕಡಿಮೆಯಾದುದರಿಂದ ಕೆಲವೊಮ್ಮೆ ಸಾಮಾನ್ಯ ಬಫರೇ ಸಾಕಾಗುತ್ತದೆ. ಸೈಲೆನ್ಸರ್ ಹಾಕುವವರಿಗೆ ಹಿಂದೊತ್ತಡ ಹೆಚ್ಚುವುದರಿಂದ ಎಚ್2 ಅಥವಾ ಅದಕ್ಕೂ ಭಾರವಾದುದು ಬೇಕಾಗಬಹುದು. ರಂಧ್ರವನ್ನೇ ಅತಿ ದೊಡ್ಡದಾಗಿ ಕೊರೆದ ನಳಿಗೆಗೆ ಅನಿಲದ ಹರಿವನ್ನು ಹೊಂದಿಸಬಹುದಾದ ಗ್ಯಾಸ್ ಬ್ಲಾಕು ಸರಿಯಾದ ಮದ್ದು. ಅನಿಲವನ್ನು ಮೂಲದಲ್ಲೇ ತಡೆಯುವುದು ಬಿಟ್ಟು ಭಾರದ ಮೇಲೆ ಭಾರ ಹೇರುವುದು ನನಗೆ ಒಪ್ಪಿಗೆಯಿಲ್ಲ.

ಎಚ್2ವನ್ನು ಮಾರಲಿಲ್ಲ. ಅದರ ಹಿಂದಿನ ರೋಲ್ ಪಿನ್ನನ್ನು ಪಂಚಿನಿಂದ ತಟ್ಟಿ ತೆಗೆದು ಒಂದು ಟಂಗ್‌ಸ್ಟನ್ ತುಂಡಿನ ಜಾಗದಲ್ಲಿ ಹಳೆಯ ಬಫರಿನ ಉಕ್ಕಿನ ತುಂಡು ಹಾಕಿ, ಎರಡನೆಯ ಎಚ್ ಆಗಿ ಬದಲಿಗೆ ಇಟ್ಟುಕೊಂಡಿದ್ದೇನೆ. ತಕ್ಕಡಿಯಲ್ಲಿ 108 ಗ್ರಾಂ ಬಂತು. ಹೊಸ ಸ್ಪ್ರಿಂಗಿನ ಮೇಲೆ ಈವರೆಗೆ 2,300 ಈಡುಗಳಾಗಿವೆ, ಉದ್ದ ಹತ್ತೂವರೆ ಇಂಚಿದೆ. 5,000 ಆದಾಗ ಅಳತೆ ಏನೇ ಇರಲಿ ಅದನ್ನು ಬದಲಿಸುತ್ತೇನೆ.