ಹಿತ್ತಲಿನಲ್ಲಿ ಕಂಡ ಹಿಕ್ಕೆ ಯಾವ ಪ್ರಾಣಿಯದೆಂದು ಗುರುತಿಸುವ ಬಗೆ

ಬಸವನಗುಡಿ, ಜಯನಗರ, ಮಲ್ಲೇಶ್ವರದಂತಹ ಹಳೆಯ ಬಡಾವಣೆಗಳಲ್ಲಿ ಇನ್ನೂ ಹಿತ್ತಲನ್ನು ಉಳಿಸಿಕೊಂಡಿರುವ ಮನೆಯವರು, ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೋ ಹೂಕುಂಡಗಳ ನಡುವೆಯೋ ಹಿಕ್ಕೆ ಕಂಡೊಡನೆ ಅದು ಹೆಗ್ಗಣದ್ದೆಂದು ತೀರ್ಮಾನಿಸಿ ಪಾಷಾಣ ತರಿಸುತ್ತಾರೆ. ಈ ಆತುರ ಸಲ್ಲದು. ಇಲಿಗಳಿಗೆಂದು ಇಡುವ ಬ್ರೋಮಾಡಿಯೊಲೋನ್ ಬಿಲ್ಲೆಯನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡುತ್ತದೆ. ಅದನ್ನು ಹಿಡಿದು ತಿನ್ನುವ ಗೂಬೆ ಮತ್ತು ಮುಂಗುಸಿಗಳ ಮೈಗೂ ಆ ವಿಷ ಸೇರುತ್ತದೆ. ಇಲಿಗಳನ್ನು ಹದ್ದುಬಸ್ತಿನಲ್ಲಿಡುವ ಪ್ರಾಣಿಗಳೇ ಹೀಗೆ ಸತ್ತರೆ ನಷ್ಟ ನಮಗೇ.

ಗುರುತಿಸುವಾಗ ಮೊದಲು ಜಾಗವನ್ನು, ಆಮೇಲೆ ಒಳಗಿರುವ ವಸ್ತುವನ್ನು, ಕಡೆಗೆ ಆಕಾರವನ್ನು ನೋಡಬೇಕು. ಬಹಳ ಜನ ಆಕಾರದಿಂದಲೇ ಆರಂಭಿಸಿ ತಪ್ಪುತ್ತಾರೆ, ಏಕೆಂದರೆ ಒಂದೇ ಪ್ರಾಣಿಯ ಹಿಕ್ಕೆ ಅದು ತಿಂದ ಆಹಾರಕ್ಕೆ ತಕ್ಕಂತೆ ಬದಲಾಗುತ್ತದೆ. ಮಳೆ ಬಿದ್ದ ಮೇಲಂತೂ ಆಕಾರವನ್ನು ನಂಬುವಂತಿಲ್ಲ. ಪಕ್ಕದಲ್ಲೊಂದು ಬೆಂಕಿಕಡ್ಡಿಯನ್ನಿಟ್ಟು ಫೋಟೋ ತೆಗೆದುಕೊಂಡರೆ ಅಳತೆ ತಿಳಿಯುತ್ತದೆ. ಬರಿಗೈಯಲ್ಲಿ ಮುಟ್ಟದೆ ಕಡ್ಡಿಯಿಂದ ಬಿಡಿಸಿ ನೋಡಬೇಕು.

ನಮ್ಮ ಮಹಡಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಮ್ಮೆ ಬೆರಳಿನಷ್ಟು ದಪ್ಪದ ಹಿಕ್ಕೆ ಸತತವಾಗಿ ಬೀಳತೊಡಗಿತು. ಇಲಿ ಹಿಡಿಯಲು ಬಂದವರು ದೂರದಿಂದಲೇ ನೋಡಿ ಹೆಗ್ಗಣವೆಂದರು. ಕಡ್ಡಿಯಿಂದ ಬಿಡಿಸಿದಾಗ ಕಂಡದ್ದು ಬೈನೆ ಮರದ ಬೀಜಗಳು: ಒಂದೂ ಒಡೆದಿರಲಿಲ್ಲ, ಹಲ್ಲಿನ ಗುರುತೂ ಇರಲಿಲ್ಲ, ನಡುನಡುವೆ ಸೀಬೆಯ ಸಣ್ಣ ಬೀಜಗಳು ಅಂಟಿಕೊಂಡಿದ್ದವು. ಹೆಗ್ಗಣವಾಗಿದ್ದರೆ ಕಡಿದು ಅಗಿದ ಚೂರುಗಳಿರಬೇಕಿತ್ತು. ಹಣ್ಣನ್ನು ನುಂಗಿ ಬೀಜವನ್ನು ಇಡಿಯಾಗಿ ಹೊರಹಾಕುವುದು, ಗೋಡೆ, ಪ್ಯಾರಪೆಟ್, ದಪ್ಪ ಕೊಂಬೆಯಂತಹ ಎತ್ತರದ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವುದು ಪುನುಗು ಬೆಕ್ಕಿನ ಲಕ್ಷಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ರಕ್ಷಿಸುತ್ತದೆ. ಕೊಲ್ಲುವುದಾಗಲಿ ಹಿಡಿದು ಬೇರೆಡೆ ಬಿಡುವುದಾಗಲಿ ನಮ್ಮ ಕೆಲಸವಲ್ಲ.

ಇಲಿಯ ಹಿಕ್ಕೆ ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದು ಗೋಡೆಯಂಚಿನುದ್ದಕ್ಕೂ ಚೆಲ್ಲಿರುತ್ತದೆ, ಸುಂಡಿಲಿಯದು ಜೀರಿಗೆಯಷ್ಟೇ ಇರುತ್ತದೆ, ಹೆಗ್ಗಣದ್ದು ಇಲಿಯದಕ್ಕಿಂತ ದಪ್ಪ. ತುದಿಯಲ್ಲಿ ಬಿಳಿ ಚುಕ್ಕೆಯಿದ್ದರೆ ಅದು ಹಲ್ಲಿಯದು. ಹಕ್ಕಿಗಳಂತೆಯೇ ಹಲ್ಲಿಯೂ ಮೂತ್ರದ ಅಂಶವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹಿಕ್ಕೆಯ ಜೊತೆಗೇ ಹೊರಹಾಕುವುದರಿಂದ ಆ ಬಿಳುಪು ಬರುತ್ತದೆ. ಒಣಗಿದ ಹಿಕ್ಕೆಯನ್ನು ಕಡ್ಡಿಯಿಂದ ಒತ್ತಿದೊಡನೆ ಪುಡಿಯಾಗಿ ಮಿನುಗುವ ಚೂರುಗಳು ಕಂಡರೆ ಅದು ಹುಳು ತಿನ್ನುವ ಸಣ್ಣ ಬಾವಲಿಯದು. ಆ ಚೂರುಗಳು ಕೀಟಗಳ ರೆಕ್ಕೆ ಮತ್ತು ಕವಚ. ಹಣ್ಣು ತಿನ್ನುವ ದೊಡ್ಡ ಬಾವಲಿ ಗೋಡೆಗೆ ಎರಚಿದಂತಹ ಕಲೆಯನ್ನೂ, ರಸ ಹೀರಿ ಉಗುಳಿದ ನಾರಿನ ಉಂಡೆಯನ್ನೂ ಬಿಟ್ಟಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ನೆಲಗಪ್ಪೆಯ ಹಿಕ್ಕೆಯನ್ನು ಕಂಡು. ಮುಂಗಾರಿನ ನಂತರ ಕುಂಡಗಳ ಬಳಿ ಬೀಳುವ ಆ ಕಪ್ಪು ತುಂಡು ಅದರ ಮೈಗೆ ಹೋಲಿಸಿದರೆ ಬಹಳ ದೊಡ್ಡದಾಗಿರುವುದರಿಂದ ಯಾರಿಗೂ ಕಪ್ಪೆಯ ನೆನಪು ಬರುವುದಿಲ್ಲ. ಬಿಡಿಸಿದರೆ ಇರುವೆಯ ತಲೆಗಳು, ಜೀರುಂಡೆಯ ಹೊಳೆಯುವ ಕವಚಗಳು ಒತ್ತೊತ್ತಾಗಿ ತುಂಬಿರುತ್ತವೆ. ಮುಂಗುಸಿಯದು ತೆಳ್ಳಗೆ, ತಿರುಚಿಕೊಂಡು, ಒಂದು ತುದಿ ಚೂಪಾಗಿ, ಕೂದಲು ಮತ್ತು ಮೂಳೆಯ ಚೂರುಗಳಿಂದ ಕೂಡಿ, ನೆಲದ ಮೇಲೆಯೇ ಇರುತ್ತದೆ. ಇನ್ನು ಕಟ್ಟಡದ ಸಂದಿಯ ಕೆಳಗೆ ಬೂದುಬಣ್ಣದ ಉಂಡೆ ಸಿಕ್ಕಿ ಅದರೊಳಗೆ ಇಲಿಯ ತಲೆಬುರುಡೆ ಇಡಿಯಾಗಿ ಕಂಡರೆ, ಅದು ಹಿಕ್ಕೆಯೇ ಅಲ್ಲ. ಕಣಜ ಗೂಬೆ ಜೀರ್ಣವಾಗದ ಮೂಳೆ, ಕೂದಲನ್ನು ಬಾಯಿಂದ ಕಕ್ಕಿದ ಉಂಡೆ. ಅಂತಹ ಮನೆಯಲ್ಲಿ ಪಾಷಾಣವನ್ನು ಖಂಡಿತ ಇಡಬಾರದು.

ಸ್ವಚ್ಛಗೊಳಿಸುವಾಗ ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ದೂಳಿನೊಡನೆ ರೋಗಾಣುಗಳು ಉಸಿರಿಗೆ ಸೇರುತ್ತವೆ. ಮಾಸ್ಕ್ ಮತ್ತು ರಬ್ಬರ್ ಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಕಾಗದದಿಂದ ಎತ್ತಿ, ಬಳಿಕ ಕೈಗಳನ್ನು ಸೋಪಿನಿಂದ ತೊಳೆಯಬೇಕು. ಇಲಿಗಳ ಮೂತ್ರದಿಂದ ಇಲಿಜ್ವರ ಹರಡುವುದರಿಂದ ಮಳೆಗಾಲದಲ್ಲಿ ಕೆಸರಿನ ಹಿತ್ತಲಿಗೆ ಬರಿಗಾಲಿನಲ್ಲಿ ಇಳಿಯಬಾರದು. ತರಕಾರಿಗೆ ಹಾಕುವ ಗೊಬ್ಬರದ ಗುಂಡಿಗೂ ಈ ಹಿಕ್ಕೆಯನ್ನು ಸೇರಿಸಬೇಡಿ.

ಬನ್ನೇರುಘಟ್ಟ, ತುರಹಳ್ಳಿ, ಕನಕಪುರ ರಸ್ತೆಯ ಅಂಚಿನಲ್ಲಿ ಮನೆಯಿದ್ದವರು ಇನ್ನೊಂದು ಸಾಧ್ಯತೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2023ರಲ್ಲಿ ಕೂಡ್ಲು ಗೇಟ್ ಬಳಿಯ ವಸತಿ ಪ್ರದೇಶಕ್ಕೇ ಚಿರತೆ ಬಂದಿತ್ತು. ಎರಡು ಸೆಂಟಿಮೀಟರಿಗಿಂತ ದಪ್ಪವಾಗಿ, ಗಂಟುಗಂಟಾಗಿ, ಒಳಗೆಲ್ಲ ಕೂದಲೇ ತುಂಬಿರುವ ಹಿಕ್ಕೆ ಕಂಡರೆ ಅದನ್ನು ಕೆದಕದೆ, ಸುತ್ತಲಿನ ಮಣ್ಣನ್ನು ತುಳಿಯದೆ ಫೋಟೋ ತೆಗೆದು, ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಪಕ್ಕದಲ್ಲಿ ಹೆಜ್ಜೆಗುರುತೂ ಇದ್ದರೆ, ಅವರು ಬರುವವರೆಗೆ ಅದು ಅಳಿಸಿಹೋಗದಂತೆ ಒಂದು ಬಾಣಲೆಯನ್ನು ಮಗುಚಿಡಿ.