ಕಾಡು ಹಂದಿ ಹುಡುಕಿಕೊಂಡು ಹೋದವನ ಊಟದ ಕಥೆ

ಯುಗಾದಿ ಮಾರನೇ ದಿನ ಬೆಳಗ್ಗೆ ಐದಕ್ಕೆ ಎದ್ದು ಮಟನ್ ಅಂಗಡಿ ಮುಂದೆ ಕ್ಯೂ ನಿಲ್ಲುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಬೆಂಗಳೂರಲ್ಲಿ ಹೊಸತೊಡಕು ಅಂದರೆ ಹಾಗೇ, ಅಲ್ವಾ? ಆ ಕ್ಯೂನಲ್ಲಿ ನಿಂತಾಗೆಲ್ಲ ತಾತ ನೆನಪಾಗುತ್ತಾರೆ. ಮಳವಳ್ಳಿ ಕಡೆಯ ನಮ್ಮೂರಲ್ಲಿ ಅವರ ಕಾಲಕ್ಕೆ ಹೊಸತೊಡಕಿಗೆ ಬೇಟೆ. ಗಂಡಸರೆಲ್ಲ ಬಲೆ, ದೊಣ್ಣೆ, ನಾಯಿಗಳ ಜೊತೆ ಹೊರಟರೆ ಮೊಲ ಸಿಕ್ಕರೆ ಮೊಲ, ಗೌಜಲಕ್ಕಿ ಸಿಕ್ಕರೆ ಗೌಜಲಕ್ಕಿ. ಒಂದೇ ಮೊಲವನ್ನು ಎಂಟು ಮನೆಗೆ ಪಾಲು ಹಾಕಿದ ಕಥೆಯನ್ನು ತಾತ ನೂರು ಸಲ ಹೇಳಿರಬೇಕು. "ಸಾರಿನ ವಾಸ್ನೆಗೇ ಎರಡು ಮುದ್ದೆ ಇಳೀತಿತ್ತು ಕಣ್ಲಾ" ಅನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು.

ಈ ಕಥೆ ಕೇಳಿ ಬೆಳೆದವನಿಗೆ ಕಾಡಿನ ಮಾಂಸ ಒಂದು ಸಲ ತಿನ್ನಲೇಬೇಕು ಅನ್ನುವ ಹುಚ್ಚು ಹಿಡಿಯದೆ ಇರುತ್ತದಾ? ಕೆಲಸ ಸಿಕ್ಕಿ, ಬೈಕ್ ತಗೊಂಡು, ಶನಿವಾರ ಭಾನುವಾರ ಊರು ಸುತ್ತಲು ಶುರು ಮಾಡಿದ ಮೇಲೆ ಆ ಹುಚ್ಚು ಜಾಸ್ತಿಯಾಯಿತು. ಎಲ್ಲಿಗೆ ಹೋದರೂ ಹೋಟೆಲಿನವರ ಹತ್ತಿರ ದನಿ ತಗ್ಗಿಸಿ ಕೇಳುತ್ತಿದ್ದೆ: "ಕಾಡಿಂದು ಏನಾದ್ರೂ ಸಿಗುತ್ತಾ?"

ಹಾಗೆ ಕೇಳುವವನಿಗೆ ಟೋಪಿ ಹಾಕುವವರು ಸಿಕ್ಕೇ ಸಿಗುತ್ತಾರೆ. ಮಲೆನಾಡಿನ ಒಂದು ದಾರಿ ಬದಿ ಊಟದ ಮನೆಯಲ್ಲಿ ಒಬ್ಬರು ಸುತ್ತ ನೋಡಿ, "ಇದೆ ಸಾರ್, ಹಂದಿ, ನಿನ್ನೆದು" ಅಂದರು. ಪ್ಲೇಟಿಗೆ ಆರುನೂರು. ಬಂದ ಮಾಂಸ ಕಪ್ಪಗೆ, ನಾರುನಾರಾಗಿ ಇತ್ತು. ಖಾರ ಎಷ್ಟು ಸುರಿದಿದ್ದರು ಅಂದರೆ ಅದು ಹಂದಿಯೋ ಎಮ್ಮೆಯೋ ಗೊತ್ತಾಗುವ ಹಾಗಿರಲಿಲ್ಲ. ನಾನು ಮಾತ್ರ ತಾತನ ನೆನಪಲ್ಲಿ ಕಣ್ಣು ಮುಚ್ಚಿ ಅಗಿಯುತ್ತಾ ಕೂತಿದ್ದೆ. ಎರಡು ದಿನ ಹೊಟ್ಟೆ ಸರಿ ಇರಲಿಲ್ಲ.

ಆಫೀಸಿನಲ್ಲಿ ವಿರಾಜಪೇಟೆ ಕಡೆಯ ಗೆಳೆಯನಿಗೆ ಇದನ್ನು ದೊಡ್ಡ ಸಾಹಸದ ಥರ ಹೇಳಿದೆ. ಅವನು ನಗಲಿಲ್ಲ. "ಮಗಾ, ಅವನು ಹೇಳಿದ್ದು ಸುಳ್ಳಾಗಿದ್ರೆ ನಿನ್ನ ದುಡ್ಡು ಹೋಯ್ತು. ನಿಜ ಆಗಿದ್ರೆ ನೀನೇ ಹೋಗ್ತಿದ್ದೆ, ಒಳಗೆ" ಅಂದ. ನನಗೆ ಅಷ್ಟೂ ಗೊತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಶುರುವಿನಲ್ಲಿ ಲೈಸೆನ್ಸ್ ತಗೊಂಡು ಬೇಟೆಯಾಡಲು ಸ್ವಲ್ಪ ಅವಕಾಶ ಇತ್ತು. 1991ರ ತಿದ್ದುಪಡಿಯಲ್ಲಿ ಆ ಬಾಗಿಲೂ ಮುಚ್ಚಿತು. ಕಾಡುಹಂದಿ, ಜಿಂಕೆ, ಮೊಲ, ಗೌಜಲಕ್ಕಿ ಯಾವುದೂ ಬಿಟ್ಟಿಲ್ಲ. ಕೊಂದವರು ಮಾತ್ರ ಅಲ್ಲ, ಆ ಮಾಂಸ ಮಾರಿದವರು, ಕೊಂಡವರು, ಮನೆಯಲ್ಲಿ ಇಟ್ಟುಕೊಂಡವರು ಎಲ್ಲರೂ ಸಿಕ್ಕಿಬೀಳುತ್ತಾರೆ. ಅದು ಬಿಟ್ಟರೂ, ಯಾವ ಡಾಕ್ಟರೂ ನೋಡದ ಮಾಂಸ. ಹುಳ ಇದೆಯೋ ರೋಗ ಇದೆಯೋ ಯಾರಿಗೆ ಗೊತ್ತು?

"ಕಾಡಿನ ರುಚಿ ಬೇಕು ಅಂದ್ರೆ ಆಗಸ್ಟಲ್ಲಿ ಮನೆಗೆ ಬಾ" ಅಂತ ಕರೆದ. ನನ್ನ ನಿಜವಾದ ತಿರುಗಾಟ ಶುರುವಾಗಿದ್ದು ಅಲ್ಲಿಂದ.

ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಕು ಹರಿಯುವಷ್ಟರಲ್ಲಿ ಕೊಡಗು. ಮಳೆ ಅಂದರೆ ಮಳೆ. ಕೊಡವರ ಕಕ್ಕಡ ತಿಂಗಳದು, ಹೆಚ್ಚುಕಮ್ಮಿ ನಮ್ಮ ಆಷಾಢ. ಗದ್ದೆ ಕೆಲಸ ಮಾಡುವವರಿಗೆ ಮೈ ಬೆಚ್ಚಗಿರಬೇಕು, ಅದಕ್ಕೆ ತಕ್ಕ ಹಾಗೆ ಊಟ. ಗೆಳೆಯನ ಅಮ್ಮ ಪಂದಿ ಕರಿಗೆ ಮಸಾಲೆ ಹುರಿಯುತ್ತಿದ್ದರು. ನಾನು ಅಡುಗೆಮನೆ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ.

ಧನಿಯಾ, ಜೀರಿಗೆ, ಕಾಳುಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯ. ಒಂದೊಂದನ್ನೂ ಬೇರೆಬೇರೆಯಾಗಿ, ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ. ನಾನಾಗಿದ್ದರೆ ಘಮ್ ಅಂದ ತಕ್ಷಣ ಇಳಿಸುತ್ತಿದ್ದೆ. ಅವರು ಬಿಡಲಿಲ್ಲ. ಧನಿಯಾ ಕಂದು ಬಣ್ಣ ದಾಟಿ ಕಾಫಿ ಬೀಜದ ಬಣ್ಣಕ್ಕೆ ಬಂತು, ಹೊಗೆ ಎದ್ದಿತು. "ಆಂಟಿ, ಸೀದು ಹೋಗುತ್ತೆ" ಅಂದೆ. "ಕರಿ ಆಗ್ಬೇಕು ಮಗ, ಸೀಯಬಾರ್ದು. ಅಷ್ಟೇ ಇರೋದು" ಅಂದರು. ಆ ಎರಡರ ನಡುವೆ ಇರುವುದು ಅರ್ಧ ನಿಮಿಷ. ಮನೆಯಲ್ಲಿ ನಾನು ಆ ಅರ್ಧ ನಿಮಿಷ ತಪ್ಪಿಸಿಕೊಂಡು ಮೂರು ಸಲ ಮಸಾಲೆ ಚೆಲ್ಲಿದ್ದೇನೆ.

ಹಂದಿ ಮಾಂಸ ಚರ್ಮ, ಕೊಬ್ಬಿನ ಸಮೇತ ತುಂಡಾಗಿತ್ತು. ಅರಿಶಿನ, ಉಪ್ಪು, ಖಾರದಪುಡಿ ಹಚ್ಚಿಟ್ಟಿದ್ದರು. ರುಬ್ಬಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಜೊತೆಗೆ ಸೂಜಿ ಮೆಣಸು. ಎಣ್ಣೆ ಬೇಕಾಗಲಿಲ್ಲ, ಕೊಬ್ಬೇ ಕರಗಿ ಬಿಟ್ಟಿತು. ಮುಕ್ಕಾಲು ಬೆಂದ ಮೇಲೆ ಆ ಕರಿ ಪುಡಿ. ಕೊನೆಗೆ ಕಪಾಟಿನಿಂದ ಒಂದು ಸಣ್ಣ ಬಾಟಲಿ ತೆಗೆದರು. ಡಾಂಬರಿನ ಹಾಗೆ ಕಪ್ಪಗೆ, ಜೇನಿನ ಹಾಗೆ ದಪ್ಪ. ಅದೇ ಕಾಚಂಪುಳಿ. ನಾವು ಉಪ್ಪಾಗೆ ಅನ್ನುವ ಹುಳಿ ಹಣ್ಣನ್ನು ರಾಶಿ ಹಾಕಿ, ಅದರಿಂದ ತೊಟ್ಟಿಕ್ಕುವ ರಸ ಹಿಡಿದು, ಕಪ್ಪಾಗುವವರೆಗೆ ಕುದಿಸಿ ಇಳಿಸಿದ್ದು. ಒಂದು ಕೆಜಿ ಮಾಂಸಕ್ಕೆ ಅವರು ಹಾಕಿದ್ದು ಒಂದೂವರೆ ಚಮಚ. ವರ್ಷಗಟ್ಟಲೆ ಕೆಡುವುದಿಲ್ಲವಂತೆ.

ಕಡಂಬುಟ್ಟಿನ ಜೊತೆ ಬಡಿಸಿದರು. ಅಕ್ಕಿ ತರಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು. ಮೊದಲ ತುತ್ತಿಗೆ ಹುಳಿ, ಆಮೇಲೆ ಹೊಗೆ, ಆಮೇಲೆ ಮೆಣಸು, ಕೊನೆಗೆ ಕೊಬ್ಬಿನ ಸಿಹಿ. ನಾನು ಪಿಸುಗುಟ್ಟಿದೆ: "ಇದು ಕಾಡುಹಂದೀನಾ?" ಆಂಟಿ ಜೋರಾಗಿ ನಕ್ಕರು. "ಪೇಟೆ ಅಂಗಡಿದು. ಫಾರಂ ಹಂದಿ."

ಹಿಂದೆ ಇದೇ ಅಡುಗೆ ಬೇಟೆಯ ಹಂದಿಗೇ ಇದ್ದದ್ದು. ಗಟ್ಟಿ ಮಾಂಸ ಮೆತ್ತಗಾಗಲು, ವಾಸನೆ ತಗ್ಗಲು, ಮಳೆಗಾಲದಲ್ಲಿ ನಾಲ್ಕು ದಿನ ಉಳಿಯಲು ಹುಳಿ, ಕಾಳುಮೆಣಸು ಬೇಕಿತ್ತು. ಬೇಟೆ ನಿಂತಿತು, ಅದಕ್ಕೆ ಅಂತ ಹುಟ್ಟಿದ ಮಸಾಲೆ ಉಳಿಯಿತು. ನಾನು ಊರೂರು ಅಲೆದು ಹುಡುಕುತ್ತಿದ್ದ "ಕಾಡಿನ ರುಚಿ" ಆ ಬಾಟಲಿಯಲ್ಲಿತ್ತು.

ಕಕ್ಕಡದ ಹದಿನೆಂಟನೇ ದಿನ, ಆಗಸ್ಟ್ ಮೂರರ ಸುಮಾರಿಗೆ, ಮದ್ದು ಪಾಯಸ ಮಾಡುತ್ತಾರೆ. ಮದ್ದುಸೊಪ್ಪು ಕುದಿಸಿದ ನೀರು ಗಾಢ ನೇರಳೆ. ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಅನ್ನುವ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ. ನನಗೆ ಯಾರೂ ಹೇಳಿರಲಿಲ್ಲ. ಬಚ್ಚಲಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿದ್ದೆ.

ಅಲ್ಲಿಂದೀಚೆಗೆ ನನ್ನ ಪ್ರಶ್ನೆ ಬದಲಾಯಿತು. "ಕಾಡಿಂದು ಏನಿದೆ" ಅಂತ ಕೇಳುವುದಿಲ್ಲ, "ಈ ತಿಂಗಳು ನಿಮ್ಮನೇಲಿ ಏನು ಮಾಡ್ತೀರಾ" ಅಂತ ಕೇಳುತ್ತೇನೆ. ಹೋಟೆಲಿನವರಿಗಿಂತ ಬಸ್ ಕಂಡಕ್ಟರ್, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ, ಹೋಂಸ್ಟೇಯಲ್ಲಿ ಅಡುಗೆ ಮಾಡುವ ಅಕ್ಕ ಸರಿಯಾದ ಉತ್ತರ ಕೊಡುತ್ತಾರೆ. ಎರಡು ದಿನ ಮೊದಲೇ ಫೋನ್ ಮಾಡಿ ಹೇಳಿದರೆ ಮೆನುವಿನಲ್ಲಿ ಇಲ್ಲದ್ದೂ ಆಗುತ್ತದೆ. ಕಳಲೆಯನ್ನೇ ನೋಡಿ. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಸಬೇಕು, ಇಲ್ಲದಿದ್ದರೆ ಅದರಲ್ಲಿರುವ ವಿಷ ಹೋಗುವುದಿಲ್ಲ. ಸುಮ್ನೆ ಹೋಗಿ ಕೂತು "ಕಳಲೆ ಪಲ್ಯ ಕೊಡಿ" ಅಂದರೆ ಯಾರು ಕೊಡುತ್ತಾರೆ?

ತೀರ್ಥಹಳ್ಳಿ ಕಡೆ ಮೊದಲ ಮಳೆಗೆ ಹೋದರೆ ಹತ್ತುಮೀನಿನ ಮಾತೇ ಮಾತು. ಹಳ್ಳದ ಮೀನು ಮೊಟ್ಟೆ ಇಡಲು ಹೊಸ ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತವೆ. ಊರಿನವರು ರಾತ್ರಿ ಟಾರ್ಚ್ ಹಿಡಿದು, ಕತ್ತಿ ಹಿಡಿದು ಗದ್ದೆಗೆ ಇಳಿಯುತ್ತಾರೆ. ಒಂದು ಸಲ ನಾನೂ ಹೋಗಿದ್ದೆ. ಇಂಬಳ ಹತ್ತಿಸಿಕೊಂಡಿದ್ದು ಬಿಟ್ಟರೆ ನನ್ನ ಕೈಗೆ ಏನೂ ಸಿಗಲಿಲ್ಲ. ಮೊಟ್ಟೆ ತುಂಬಿದ ಮೀನು ನೋಡಿ ಸ್ವಲ್ಪ ಕಸಿವಿಸಿಯೂ ಆಯಿತು. ಗದ್ದೆ ಏಡಿಯ ಸಾರಿಗೆ ಮಾತ್ರ ಯಾವ ಕಸಿವಿಸಿಯೂ ಆಗಲಿಲ್ಲ.

ಚಗಳಿ ಚಟ್ನಿಗೆ ಧೈರ್ಯ ಬೇಕು. ಮರದ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ ಅದು. ಗೂಡನ್ನು ಹಾಗೇ ತಂದು ಬಿಸಿ ಬಾಣಲೆಗೆ ಕೊಡವಿ, ಹುರಿದು, ಕಾಯಿ, ಹಸಿಮೆಣಸು, ಬೆಳ್ಳುಳ್ಳಿ, ಉಪ್ಪಿನ ಜೊತೆ ರುಬ್ಬುತ್ತಾರೆ. ಹುಣಸೆಹಣ್ಣು ಬೇಡ, ಇರುವೆಯೇ ಹುಳಿ. ಅಕ್ಕಿರೊಟ್ಟಿಗೆ ಹಚ್ಚಿ ತಿಂದರೆ ನಿಂಬೆ ಹಿಂಡಿದ ಹಾಗೆ ನಾಲಿಗೆ ಚುರುಗುಡುತ್ತದೆ. ಒಡಿಶಾದ ಮಯೂರ್‌ಭಂಜ್‌ನ ಇಂಥದ್ದೇ ಚಟ್ನಿಗೆ 2024ರಲ್ಲಿ ಜಿಐ (ಆ ಊರಿನದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ನಮ್ಮವರು ಇನ್ನೂ ನೆಂಟರ ಮುಂದೆ ಬಡಿಸಲು ನಾಚಿಕೊಳ್ಳುತ್ತಾರೆ.

ಅಣಬೆ ಬಗ್ಗೆ ಒಂದೇ ಮಾತು: ಊರಿನವರು ಕಿತ್ತು, ಅವರೇ ಅಡುಗೆ ಮಾಡಿ, ಅವರೂ ತಿನ್ನುತ್ತಿದ್ದರೆ ತಿನ್ನಿ. ನೀವೇ ಕೀಳಬೇಡಿ.

ತಾತನ ಗೌಜಲಕ್ಕಿಯ ಆಸೆಗೆ ಬೆಂಗಳೂರಲ್ಲೇ ಹತ್ತಿರದ ಮದ್ದಿದೆ, ಕ್ವೇಲ್. ಅದು ಸಾಕುವ ಜಪಾನಿ ಜಾತಿ, 1974ರಲ್ಲಿ ಅಮೆರಿಕದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದದ್ದು. ಐದಾರು ವಾರಕ್ಕೆ ಬಲಿಯುತ್ತದೆ. ಕಾಳುಮೆಣಸು ಹಾಕಿ ಹುರಿದರೆ ಮೂಳೆ ಸಮೇತ ಅಗಿಯಬಹುದು. ಆದರೆ ಹೆಚ್ಚು ಹೊತ್ತು ಒಲೆ ಮೇಲಿಟ್ಟರೆ ಹಪ್ಪಳ.

ಕಾಡುಹಂದಿಯನ್ನು ಕಾನೂನುಬದ್ಧವಾಗಿ ತಿಂದದ್ದು ಕೊನೆಗೆ ಜರ್ಮನಿಯಲ್ಲಿ. ಕಂಪನಿ ಕೆಲಸಕ್ಕೆ ಮ್ಯೂನಿಕ್‌ಗೆ ಹೋಗಿದ್ದೆ, ಅಕ್ಟೋಬರ್ ತಿಂಗಳು. ಅಲ್ಲಿ ಬೇಟೆಗೆ ಲೈಸೆನ್ಸ್ ಇದೆ, ಅದಕ್ಕೆ ದೊಡ್ಡ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆ ಎಷ್ಟು ಕಷ್ಟ ಅಂದರೆ ಜನ ಅದನ್ನು ತಮಾಷೆಗೆ "ಹಸಿರು ಪಿಯುಸಿ" ಅನ್ನುವ ಅರ್ಥದ ಹೆಸರಿಟ್ಟು ಕರೆಯುತ್ತಾರೆ. ಸಹೋದ್ಯೋಗಿಯೊಬ್ಬರು ಹಳ್ಳಿ ಹೋಟೆಲಿಗೆ ಕರೆದುಕೊಂಡು ಹೋದರು. ಅಷ್ಟು ವರ್ಷದ ಅಭ್ಯಾಸಬಲ, ನಾನು ಮೆನು ನೋಡುತ್ತಾ ದನಿ ತಗ್ಗಿಸಿಯೇ "ಕಾಡುಹಂದಿ ಸಿಗುತ್ತಾ" ಅಂತ ಕೇಳಿದೆ. ಅವರಿಗೆ ಯಾಕೆ ಪಿಸುಗುಡುತ್ತಿದ್ದೇನೆ ಅಂತಲೇ ಅರ್ಥವಾಗಲಿಲ್ಲ. ಮೆನುವಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಅಲ್ಲಿ ಪ್ರತಿ ಕಾಡುಹಂದಿಯ ಮಾಂಸವನ್ನೂ ಟ್ರೈಕಿನೆಲ್ಲಾ ಅನ್ನುವ ಹುಳಕ್ಕೆ ಪರೀಕ್ಷೆ ಮಾಡಲೇಬೇಕು. ದಕ್ಷಿಣದ ಕಾಡುಗಳ ಹಂದಿಯಾದರೆ ವಿಕಿರಣವನ್ನೂ ಅಳೆಯುತ್ತಾರೆ. 1986ರ ಚೆರ್ನೋಬಿಲ್ ಅಣು ಸ್ಥಾವರದ ದುರಂತದಲ್ಲಿ ಉದುರಿದ ಸೀಸಿಯಂ ಅನ್ನುವ ವಿಕಿರಣ ವಸ್ತು ಇನ್ನೂ ಮಣ್ಣಿನಲ್ಲಿದೆ. ನೆಲದೊಳಗೆ ಬೆಳೆಯುವ ಒಂದು ಬಗೆಯ ಅಣಬೆ ಅದನ್ನು ಹೀರುತ್ತದೆ, ಹಂದಿ ಆ ಅಣಬೆಯನ್ನು ಅಗೆದು ತಿನ್ನುತ್ತದೆ. ಕೆಜಿಗೆ 600 ಬೆಕೆರೆಲ್ (ವಿಕಿರಣದ ಅಳತೆ) ದಾಟಿದ ಮಾಂಸ ಮಾರುವ ಹಾಗಿಲ್ಲ. ಇದನ್ನೆಲ್ಲ ಅವರು ಹೇಳಿದ್ದು ನನ್ನ ಪ್ಲೇಟ್ ಬಂದ ಮೇಲೆ.

ರೆಡ್ ವೈನ್, ಜೂನಿಪರ್ ಕಾಯಿ, ಬಿರಿಯಾನಿ ಎಲೆ ಥರದ್ದೊಂದು ಎಲೆ ಹಾಕಿ ಗಂಟೆಗಟ್ಟಲೆ ಬೇಯಿಸಿದ ಮಾಂಸ. ಪಕ್ಕಕ್ಕೆ ಬ್ರೆಡ್ಡಿನ ದೊಡ್ಡ ಉಂಡೆ, ಹುಳಿ ಸಿಹಿಯ ಕೆಂಪು ಎಲೆಕೋಸು, ಒಂದು ಚಮಚ ಕೆಂಪು ಹಣ್ಣಿನ ಜಾಮ್. ಮಾಂಸಕ್ಕೆ ಜಾಮ್ ಯಾಕಪ್ಪಾ ಅನ್ನಿಸಿತು. ಬಾಯಿಗಿಟ್ಟ ಮೇಲೆ ಗೊತ್ತಾಯಿತು: ಕಪ್ಪು ಸಾರು, ಹುಳಿ, ಉಂಡೆ. ವಿರಾಜಪೇಟೆಯ ತಟ್ಟೆಯೇ ಬೇರೆ ಭಾಷೆಯಲ್ಲಿ ಕೂತಿತ್ತು. ಮಾಂಸ ಫಾರಂ ಹಂದಿಗಿಂತ ಕೆಂಪು, ಕೊಬ್ಬು ಕಮ್ಮಿ, ಅಗಿದಷ್ಟೂ ಕಾಯಿಬೀಜದ ಥರ ಒಂದು ಒಗರು. ಚೆನ್ನಾಗಿತ್ತು. ಆದರೆ ಖಾರ ಇಲ್ಲ. ನಾನು ಜೇಬಿನಿಂದ ಮೆಲ್ಲಗೆ ಚಟ್ನಿಪುಡಿ ಪೊಟ್ಟಣ ತೆಗೆದೆ. ಸಹೋದ್ಯೋಗಿ ನೋಡಿಯೇ ಬಿಟ್ಟರು, ಅವರಿಗೂ ಸ್ವಲ್ಪ ಹಾಕಿದೆ. ನೀರು ಕುಡಿಯುತ್ತಲೇ ಇನ್ನೊಂದು ಚಿಟಿಕೆ ಕೇಳಿದರು.

ರೂಮಿಗೆ ಬಂದು ಗೆಳೆಯನಿಗೆ ಫೋಟೋ ಕಳಿಸಿ, ಇವತ್ತು ಅಸಲಿ ಕಾಡುಹಂದಿ ತಿಂದೆ ಅಂತ ಬರೆದೆ. ಅವನು ತನ್ನ ಅಮ್ಮನಿಗೆ ತೋರಿಸಿರಬೇಕು. ಉತ್ತರ ಅವರ ದನಿಯಲ್ಲೇ ಬಂತು: "ನೋಡೋಕೆ ಚೆನ್ನಾಗಿದೆ ಮಗ. ಕಾಚಂಪುಳಿ ಹಾಕಿಲ್ವಲ್ಲ."